ಮೆಕ್ಕೆಜೋಳದ ತಾರೀಖು ತಪ್ಪಲಿಲ್ಲ, ಲಾರಿಯ ತಾರೀಖು ಮಾತ್ರ ತಪ್ಪಿತು

ದಾವಣಗೆರೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಎರಡು ಲಾರಿ ಓಡಿಸುತ್ತಾರೆ, ಮೂರೆಕರೆಯಲ್ಲಿ ಮೆಕ್ಕೆಜೋಳವನ್ನೂ ಬೆಳೆಯುತ್ತಾರೆ. ಪತ್ರದ ತಿರುಳು ಇಷ್ಟು: "ಮೆಕ್ಸಿಕೊ ಲಾರಿಗಳನ್ನು ಅಮೆರಿಕ ಗಡಿಯಲ್ಲೇ ತಡೆದದ್ದು ಅನ್ಯಾಯ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರ ರಸ್ತೆ, ಅವರ ಇಷ್ಟ. ಕಡಿಮೆ ಬಾಡಿಗೆಗೆ ಓಡುವ ಹೊರಗಿನ ಲಾರಿ ಒಳಗೆ ಬಿಟ್ಟರೆ ಊರವರ ಹೊಟ್ಟೆಪಾಡು ಏನಾಗಬೇಕು? ನಾಳೆ ಬಾಂಗ್ಲಾ, ನೇಪಾಳದ ಲಾರಿ ಬಂದು ನಮ್ಮ ಲೋಡು ಎತ್ತಿದರೂ ಹೀಗೇ ಬರೆಯುತ್ತೀರಾ? ಒಪ್ಪಂದ ಅನ್ನೋದು ಬರೀ ಕಾಗದ. ಮೊದಲು ನಮ್ಮವರು."

ನಿಮ್ಮ ಭಯ ಸುಳ್ಳಲ್ಲ. ಡೀಸೆಲ್, ಟೋಲ್, ಟೈರು, ಇನ್ಶೂರೆನ್ಸು, ಮೇಲೆ ಬ್ಯಾಂಕಿನ ಕಂತು, ಇಷ್ಟೆಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅನ್ನುವುದು ಲಾರಿ ಇಟ್ಟವರಿಗೇ ಗೊತ್ತು. ಅಮೆರಿಕದ ಡ್ರೈವರ್‌ಗಳ ದೊಡ್ಡ ಸಂಘ ಟೀಮ್‌ಸ್ಟರ್ಸ್ ಕೂಡ ಇದನ್ನೇ ಹೇಳಿತು. ಆಗ ಗಡಿಯಲ್ಲಿ ಓಡುತ್ತಿದ್ದ ಮೆಕ್ಸಿಕೊ ಲಾರಿಗಳಲ್ಲಿ ಹಳೇ ಗಾಡಿಗಳು ಜಾಸ್ತಿ ಇದ್ದದ್ದೂ ನಿಜ. ಒಪ್ಪಿದೆ.

ಆದರೆ "ಬರೀ ಕಾಗದ" ಅಂದಿರಲ್ಲ, ಆ ಮಾತನ್ನು ನಾನು ಒಪ್ಪಲಾರೆ. ಅದೇ ಕಾಗದದ ಒಂದು ಸಾಲನ್ನು ಕಲ್ಲಿನ ಮೇಲೆ ಬರೆದ ಹಾಗೆ ನಡೆಸಿದರು, ಇನ್ನೊಂದನ್ನು ನೀರಿನ ಮೇಲೆ ಬರೆದ ಹಾಗೆ ಬಿಟ್ಟರು. ನನ್ನ ಹೊಟ್ಟೆ ಉರಿಯುವುದು ಅಲ್ಲಿ.

ನಾಫ್ಟಾ ಅನ್ನುವ ಆ ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದು 1994ರ ಜನವರಿ 1ಕ್ಕೆ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸಹಿ ಹಾಕಿದ್ದವು. 1995ರ ಡಿಸೆಂಬರ್‌ನಿಂದ ಮೆಕ್ಸಿಕೊ ಲಾರಿಗಳು ಅಮೆರಿಕದ ಗಡಿ ರಾಜ್ಯಗಳಲ್ಲಿ ಓಡಬಹುದು, 2000ರ ಜನವರಿಯಿಂದ ದೇಶದ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ತಾರೀಖು ಸಮೇತ ಬರೆದಿತ್ತು. 1995ರ ಆ ದಿನ ಬಂದಾಗ ಕ್ಲಿಂಟನ್ ಸರ್ಕಾರ ಸೇಫ್ಟಿ ಹೆಸರು ಹೇಳಿ ನಿಲ್ಲಿಸಿತು. ಕೆನಡಾ ಲಾರಿಗಳು ಮಾತ್ರ ಮೊದಲಿಂದಲೂ ಆರಾಮಾಗಿ ಓಡಾಡುತ್ತಿದ್ದವು, ಆಮೇಲೂ ಓಡಾಡಿದವು.

ಮೆಕ್ಸಿಕೊ ದೂರು ಕೊಟ್ಟಿತು. 2001ರ ಫೆಬ್ರವರಿಯಲ್ಲಿ ನಾಫ್ಟಾ ಪ್ರಕಾರ ಕೂತ ಐದು ಜನರ ಪಂಚಾಯ್ತಿ ತೀರ್ಪು ಹೇಳಿತು. ಐವರಲ್ಲಿ ಇಬ್ಬರು ಅಮೆರಿಕದವರೇ. ಐವರದ್ದೂ ಒಂದೇ ಮಾತು: ಅಮೆರಿಕ ಒಪ್ಪಂದ ಮುರಿದಿದೆ. ಗಾಡಿ ತಪಾಸಣೆ ಮಾಡಿ, ನಿಮ್ಮ ನಿಯಮವನ್ನೇ ಹಾಕಿ, ಆದರೆ ಒಂದು ದೇಶದ ಲಾರಿಗಳನ್ನೆಲ್ಲ ಸಾರಾಸಗಟಾಗಿ ತಡೆಯುವ ಹಾಗಿಲ್ಲ ಅಂದಿತು. ಇದಕ್ಕಿಂತ ನ್ಯಾಯದ ಮಾತು ಯಾವುದಿದೆ ಹೇಳಿ? ನಿಮ್ಮ ಲಾರಿಗೆ ಎಫ್‌ಸಿ ಇಲ್ಲದಿದ್ದರೆ ನಿಮ್ಮ ಲಾರಿ ಹಿಡಿಯಲಿ. ದಾವಣಗೆರೆ ಲಾರಿ ಯಾವುದೂ ಬೇಡ ಅಂದರೆ ನೀವು ಸುಮ್ನೆ ಇರ್ತೀರಾ?

ಆಮೇಲಿನ ಕಥೆ ಕೇಳಿದರೆ ಸುಸ್ತಾಗುತ್ತದೆ. ಅಮೆರಿಕದ ಸಂಸತ್ತು 22 ಷರತ್ತು ಹಾಕಿತು. ಲಾರಿ ಬಿಡಬಾರದು ಅಂತ ಕೆಲವರು ಕೋರ್ಟಿಗೆ ಹೋದರು, 2004ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ದಾರಿ ಬಿಟ್ಟಿತು. 2007ರಲ್ಲಿ ಪ್ರಯೋಗ ಅಂತ ಕೆಲವು ಲಾರಿ ಬಿಟ್ಟರು. 2009ರಲ್ಲಿ ದುಡ್ಡು ನಿಲ್ಲಿಸಿ ಅದನ್ನೂ ಮುಚ್ಚಿದರು. ಆಗ ಮೆಕ್ಸಿಕೊ ಸಿಟ್ಟಿಗೆದ್ದು ಸುಮಾರು 90 ಅಮೆರಿಕನ್ ಸರಕಿನ ಮೇಲೆ ಸುಂಕ ಹಾಕಿತು. ದ್ರಾಕ್ಷಿಗೆ 45%, ಫ್ರೋಜನ್ ಆಲೂಗಡ್ಡೆಗೆ 20%. ಒಟ್ಟು 240 ಕೋಟಿ ಡಾಲರ್ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಆಲೂಗಡ್ಡೆ ಬೆಳೆದವನಿಗೆ ಬಿಸಿ ತಟ್ಟಿದ ಮೇಲೆ ಮಾತುಕತೆ ಶುರುವಾಯಿತು. 2011ರ ಅಕ್ಟೋಬರ್‌ನಲ್ಲಿ ಹೊಸ ಪ್ರಯೋಗದ ಮೊದಲ ಲಾರಿ ದಾಟಿತು. ಬರೆದ ತಾರೀಖಿಗಿಂತ ಹದಿನಾರು ವರ್ಷ ತಡ.

ಈಗ ನಿಮ್ಮ ಮೆಕ್ಕೆಜೋಳಕ್ಕೆ ಬನ್ನಿ. ಅದೇ ನಾಫ್ಟಾದಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೂ ಒಂದು ತಾರೀಖು ಇತ್ತು. 15 ವರ್ಷದಲ್ಲಿ ಸುಂಕ ಇಳಿಯುತ್ತಾ ಬಂದು 2008ರ ಜನವರಿಗೆ ಪೂರ್ತಿ ಹೋಗಬೇಕು. ಅದು ಒಂದು ದಿನವೂ ತಪ್ಪಲಿಲ್ಲ. ಸರ್ಕಾರದ ಸಬ್ಸಿಡಿ ತಿಂದು ಬೆಳೆದ ಅಗ್ಗದ ಮೆಕ್ಕೆಜೋಳ, ಮೆಕ್ಕೆಜೋಳದ ತವರಾದ ಮೆಕ್ಸಿಕೊಗೇ ನುಗ್ಗಿತು. ಎರಡೆಕರೆ ಮೂರೆಕರೆ ರೈತ ಬೆಲೆಯಲ್ಲಿ ಸೋತ. "ಮೆಕ್ಕೆಜೋಳವಿಲ್ಲದೆ ದೇಶವಿಲ್ಲ" ಅಂತ ಕೂಗುತ್ತಾ ರೈತರು ಬೀದಿಗಿಳಿದರು. ಜಮೀನು ಬಿಟ್ಟು ಊರು ಬಿಟ್ಟವರು ಎಷ್ಟೋ ಜನ. ನಿಮ್ಮಂಥವರೇ ಸ್ವಾಮಿ, ನಿಮ್ಮಷ್ಟೇ ಜಮೀನಿನವರು. ನಿಮ್ಮ ಪತ್ರ ಓದುವಾಗ ನನಗೆ ಬೇಜಾರಾದದ್ದು ಇದಕ್ಕೇ. ನೀವು ಹೋಗಿ ಯಾರ ಪಕ್ಕ ನಿಂತಿರಿ!

"ನಮ್ಮ ಲೋಡು ಎತ್ತಿದರೆ" ಅಂತ ಕೇಳಿದ್ದೀರಿ. ಎತ್ತುವ ಹಾಗೇ ಇಲ್ಲ. ಮೆಕ್ಸಿಕೊ ಲಾರಿ ಗಡಿ ದಾಟಿ ಸರಕು ತರಬಹುದು, ಗಡಿ ದಾಟುವ ಸರಕನ್ನೇ ವಾಪಸ್ ಒಯ್ಯಬಹುದು, ಅಷ್ಟೇ. ಡಲ್ಲಾಸ್‌ನಲ್ಲಿ ತುಂಬಿ ಷಿಕಾಗೊದಲ್ಲಿ ಇಳಿಸುವ ಹಾಗಿಲ್ಲ. ನಾವು 2015ರ ಜೂನ್ 15ಕ್ಕೆ ಥಿಂಪುವಿನಲ್ಲಿ ಭೂತಾನ್, ಬಾಂಗ್ಲಾದೇಶ, ನೇಪಾಳದ ಜೊತೆ ಸಹಿ ಹಾಕಿದ ವಾಹನ ಒಪ್ಪಂದದಲ್ಲೂ ಹಾಗೇ ಇದೆ. ಆ ಒಪ್ಪಂದ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಹೊರಗಿನ ಲಾರಿಗಳು ತಮ್ಮ ಪುಟ್ಟ ದೇಶವನ್ನು ತುಂಬಿಬಿಡುತ್ತವೆ ಅಂತ ಭೂತಾನ್ ಹಿಂದೆ ಸರಿಯಿತು. ಅಲ್ಲಿ ಹೊರಗಿನ ಲಾರಿ ಅಂದರೆ ನಮ್ಮದು! ಭೂತಾನದ ಭಯ ನನಗೆ ಅರ್ಥವಾಗುತ್ತದೆ. ಚಿಕ್ಕವರ ಭಯಕ್ಕೂ ದೊಡ್ಡವರ ಭಯಕ್ಕೂ ಒಂದೇ ತೂಕ ಹಾಕಬಾರದು.

ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಹೆಸರು ಕೇಳಿದ್ದೀರಾ? ಆಚೆ ಕಡೆ ಬೇನಾಪೋಲ್. ಅಲ್ಲಿ ಒಂದು ಲೋಡು ದಾಟಲು ಸುಮಾರು 138 ಗಂಟೆ ಹಿಡಿಯುತ್ತದೆ ಅಂತ ವಿಶ್ವ ಬ್ಯಾಂಕ್ 2021ರಲ್ಲಿ ಬರೆದಿತ್ತು. ಅದರಲ್ಲಿ 28 ಗಂಟೆ ಈ ಲಾರಿಯಿಂದ ಇಳಿಸಿ ಆ ಲಾರಿಗೆ ತುಂಬುವುದಕ್ಕೇ. ಆಫ್ರಿಕಾದ ಪೂರ್ವದ ಕೆಲವು ಗಡಿಗಳಲ್ಲಿ ಇದೇ ಕೆಲಸ ಆರು ಗಂಟೆಯೊಳಗೆ ಮುಗಿಯುತ್ತದಂತೆ. ಮೆಕ್ಸಿಕೊ ಗಡಿಯ ಲರೇಡೊ ಸೇತುವೆಯಲ್ಲೂ ಮೂರು ಲಾರಿ ಲೆಕ್ಕ. ದೂರದಿಂದ ಬಂದದ್ದು ಒಂದು, ಸೇತುವೆ ದಾಟಿಸಲು ಇನ್ನೊಂದು, ಆಚೆಯಿಂದ ಎಳೆಯಲು ಮತ್ತೊಂದು. ದಾಟಿಸುವ ಲಾರಿ ಎಷ್ಟೋ ಸಲ ಖಾಲಿ ವಾಪಸ್. ಈ ಖರ್ಚೆಲ್ಲ ಯಾರ ತಲೆ ಮೇಲೆ ಅಂತ ಲಾರಿ ಇಟ್ಟ ನಿಮಗೆ ನಾನು ಹೇಳಬೇಕಾಗಿಲ್ಲ.

ಕೋಲಾರದ ಒಬ್ಬ ಡ್ರೈವರ್ ಅಣ್ಣ ನಮ್ಮ ಆಫೀಸಿಗೆ ಬಂದಿದ್ದರು. ಅಲ್ಲಿನ ಟೊಮೆಟೊ ಬಾಂಗ್ಲಾದೇಶದವರೆಗೂ ಹೋಗುತ್ತದೆ. ಒಮ್ಮೆ ಬಂಗಾಳದ ಕಡೆ ಗಡಿ ಹತ್ತಿರ ಇವರ ಗಾಡಿ ನಾಲ್ಕು ದಿನ ನಿಂತಿತಂತೆ. ಎರಡನೇ ದಿನಕ್ಕೆ ಕೆಳಗಿನ ಕ್ರೇಟುಗಳಿಂದ ರಸ ಸೋರಿ, ಬಾಡಿಯಿಂದ ತೊಟ್ಟಿಕ್ಕಿ ಟೈರಿನ ಪಕ್ಕ ಕೆಂಪಗೆ ಮಡು ಕಟ್ಟಿತು. ನೊಣ ಅಂದರೆ ನೊಣ. ಇವರೂ ಕ್ಲೀನರೂ ಲಾರಿ ನೆರಳಲ್ಲೇ ಸ್ಟವ್ ಹಚ್ಚಿ ಅನ್ನ ಮಾಡಿಕೊಂಡರು, ಸಾರಿಗೆ ಟೊಮೆಟೊ ದುಡ್ಡು ಕೊಟ್ಟು ಹೊರಗಿಂದ ತಂದರು. "ಲೋಡಿಂದು ಮುಟ್ಟಬಾರದು ಸಾರ್, ಅದು ಸಾವುಕಾರ್ರದ್ದು" ಅಂದರು. ಬಾಟಾ ಎರಡು ದಿನದ್ದು ಮಾತ್ರ ಸಿಕ್ಕಿತಂತೆ. ಮಿಕ್ಕ ಎರಡು ದಿನ ಅವರು ಕಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

2020ರ ಸೆಪ್ಟೆಂಬರ್ 14ಕ್ಕೆ ನಮ್ಮ ಸರ್ಕಾರ ರಾತ್ರೋರಾತ್ರಿ ಈರುಳ್ಳಿ ರಫ್ತು ನಿಲ್ಲಿಸಿತಲ್ಲ, ಆಗಲೂ ಇದೇ ಗಡಿಗಳಲ್ಲಿ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಈರುಳ್ಳಿ ಕೊಳೆಯಿತು. ಬೆಳೆದವನಿಗೆ ನಷ್ಟ, ಕೊಳ್ಳುವ ಢಾಕಾದವನಿಗೆ ನಷ್ಟ, ಡ್ರೈವರ್‌ಗೆ ಬಾಟಾ ನಷ್ಟ. ಆಗಲೂ ಯಾರೋ "ಮೊದಲು ನಮ್ಮವರು" ಅಂತಲೇ ಹೇಳಿದ್ದರು. ಈರುಳ್ಳಿ ಬೆಳೆದ ಚಿತ್ರದುರ್ಗದವರು, ಗದಗಿನವರು ನಮ್ಮವರಲ್ಲವಾ?

2020ರ ಜುಲೈನಲ್ಲಿ ನಾಫ್ಟಾ ಹೋಗಿ ಹೊಸ ಒಪ್ಪಂದ ಬಂತು. ಅದರಲ್ಲಿ, ತನ್ನ ಕಂಪನಿಗಳಿಗೆ ಪೆಟ್ಟು ಬಿದ್ದರೆ ಮೆಕ್ಸಿಕೊದ ದೂರದ ಲಾರಿಗಳಿಗೆ ಮತ್ತೆ ಮಿತಿ ಹಾಕುತ್ತೇವೆ ಅಂತ ಅಮೆರಿಕ ಬರೆಸಿಕೊಂಡಿದೆ. ಕಾಗದಕ್ಕೆ ಬೆಲೆಯೇ ಇಲ್ಲದಿದ್ದರೆ ಅಷ್ಟು ಹುಷಾರಾಗಿ ಯಾಕೆ ಬರೆಸಿಕೊಳ್ಳುತ್ತಿದ್ದರು? ಈಗ ಅವರ ಕಣ್ಣು ನಮ್ಮ ಮೇಲಿದೆ. 140 ಕೋಟಿ ಜನ ಇರುವ ಭಾರತ ಅಮೆರಿಕದ ಮೆಕ್ಕೆಜೋಳ ಒಂದು ಚೀಲವೂ ಕೊಳ್ಳುವುದಿಲ್ಲ ಅಂತ 2025ರಲ್ಲಿ ಅಲ್ಲಿನ ವಾಣಿಜ್ಯ ಮಂತ್ರಿ ಲಟ್ನಿಕ್ ದೂರಿದರು. ಅದೇ ವರ್ಷ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಹಾವೇರಿ, ದಾವಣಗೆರೆಯ ರೈತರು ಆ ಬೆಲೆ ಸಿಗದೆ ರಸ್ತೆಗೆ ಬಂದಿದ್ದರು. ನೀವೂ ಬಂದಿದ್ದಿರೇನೋ.

ಒಪ್ಪಂದ ಬರೆಯುವ ಆ ಮೇಜಿನ ಸುತ್ತ ಮೂರೆಕರೆ ರೈತ ಕೂರುವುದಿಲ್ಲ, ಡ್ರೈವರ್ ಅಂತೂ ಕೂರುವುದೇ ಇಲ್ಲ. ಅದಕ್ಕೇ ನಿಮ್ಮ ಹತ್ತಿರ ಒಂದು ಕೇಳಿಕೆ. ನಿಮ್ಮ ಎರಡು ಲಾರಿಗಳ ಡ್ರೈವರ್‌ಗಳು ಹೋದ ವರ್ಷ ಎಲ್ಲೆಲ್ಲಿ, ಎಷ್ಟೆಷ್ಟು ಗಂಟೆ ಸುಮ್ನೆ ನಿಂತಿದ್ದರು ಅಂತ ಅವರನ್ನೇ ಕೂರಿಸಿಕೊಂಡು ಕೇಳಿ ಬರೆದು ಕಳಿಸಿ. ಆ ದಿನಗಳಿಗೆ ನೀವು ಬಾಟಾ ಕೊಟ್ಟಿರಾ ಅನ್ನುವುದನ್ನೂ ಬರೆಯಿರಿ. ಎಷ್ಟು ಪುಟ ಆದರೂ ಅಚ್ಚು ಹಾಕುತ್ತೇನೆ.

— ಸಂಪಾದಕ