ಮನೆಯಲ್ಲೇ ಕೂತು ಒಂದೇ ಸಲ ಕುಡಿತ ಬಿಡಬಹುದಾ?

ಹತ್ತು ವರ್ಷದಿಂದ ದಿನಾ ಒಂದು ಕ್ವಾರ್ಟರ್ ಆಗುತ್ತಿದೆ, ಈಗೀಗ ಬೆಳಿಗ್ಗೆಯೂ ಬೇಕು ಅನಿಸುತ್ತೆ, ಈ ಮಳೆಗಾಲ ತೋಟದ ಮನೆಯಲ್ಲಿದ್ದು ಯಾರಿಗೂ ಹೇಳದೆ ಒಂದೇ ಸಲ ಬಿಡಬಹುದಾ ಅಂತ ಕೇಳಿದ್ದೀರಿ.

ಬಿಡಿ. ಆದರೆ ಒಬ್ಬರೇ ಕೂತು ಬಿಡಬೇಡಿ. ನಾನು ಹಾಗೆ ಮಾಡಲು ಹೋಗಿ ಸಾಯುವುದೊಂದು ಬಾಕಿ ಇತ್ತು.

ನಮ್ಮದು ಸೋಮವಾರಪೇಟೆ ಕಡೆ, ಸಣ್ಣ ಕಾಫಿ ತೋಟ. ಬೆಳಿಗ್ಗೆ ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಒಂದು ನೈಂಟಿ ಒಳಗೆ ಹೋದ ಮೇಲೆ ಕೈ ನಿಲ್ಲುತ್ತಿತ್ತು. ನರದ ವೀಕ್‌ನೆಸ್ ಅಂದುಕೊಂಡಿದ್ದೆ! ಆರು ವರ್ಷದ ಹಿಂದೆ ಜುಲೈನಲ್ಲಿ ಹೆಂಡತಿಗೆ ಆಣೆ ಮಾಡಿ ನಿಲ್ಲಿಸಿದೆ. ಮೊದಲ ದಿನ ಬೆವರು, ವಾಂತಿ. ಎರಡನೇ ದಿನ ಕಣ್ಣಿಗೆ ನಿದ್ದೆಯೇ ಹತ್ತಲಿಲ್ಲ. ಮೂರನೇ ರಾತ್ರಿ ಕರೆಂಟ್ ಇಲ್ಲ, ಹೊರಗೆ ಮಳೆ ಹೊಡೆಯುತ್ತಿದೆ, ನನ್ನ ಕಂಬಳಿ ತುಂಬಾ ಜಿಗಣೆ. ಅಡುಗೆಮನೆಯಿಂದ ಉಪ್ಪಿನ ಡಬ್ಬ ತಂದು ಒಂದೊಂದಕ್ಕೇ ಹಾಕುತ್ತಾ ಕೂತೆ. ಹೆಂಡತಿ ಟಾರ್ಚ್ ಬಿಟ್ಟು ನೋಡಿದರೆ ಕಂಬಳಿ ಮೇಲೆ ಉಪ್ಪು ಬಿಟ್ಟು ಏನೂ ಇಲ್ಲ. "ನಿನ್ನ ಕಾಲಿಗೂ ಹತ್ತಿದೆ ನೋಡು" ಅಂತ ಅವಳ ಕಾಲಿಗೂ ಉಪ್ಪು ಹಾಕಿದೆನಂತೆ. ಇದು ನನಗೆ ನೆನಪಿಲ್ಲ, ಅವಳು ಹೇಳಿದ್ದು. ಆ ಮಳೆಯಲ್ಲೇ ಪಕ್ಕದ ಮನೆಯವರ ಜೀಪಿನಲ್ಲಿ ಮಡಿಕೇರಿಗೆ ಹಾಕಿಕೊಂಡು ಹೋದರು.

ಅದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅಂತ ಹೆಸರು. ಹ್ಯಾಂಡ್ ಬ್ರೇಕ್ ಎಳೆದುಕೊಂಡೇ ಜೀಪಿಗೆ ಆಕ್ಸಿಲರೇಟರ್ ಒತ್ತಿದ ಹಾಗೆ ಇದು. ಕುಡಿತ ಮೆದುಳಿಗೆ ಬ್ರೇಕ್ ಹಾಕುತ್ತೆ. ದಿನಾ ಬ್ರೇಕ್ ಇದ್ದರೆ ಮೆದುಳು ಜಾಸ್ತಿ ರೇಸ್ ಕೊಟ್ಟು ಓಡಲು ಕಲಿಯುತ್ತೆ. ಬ್ರೇಕ್ ತಟ್ಟಂತ ಬಿಟ್ಟರೆ ಗಾಡಿ ಹಾರುತ್ತೆ, ಅಷ್ಟೇ. ಕೊನೆಯ ಗುಟುಕಿನಿಂದ 6–12 ಗಂಟೆಗೆ ನಡುಕ ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಈ ಭ್ರಮೆ ಸಾಮಾನ್ಯವಾಗಿ 48–72 ಗಂಟೆ ಹೊತ್ತಿಗೆ. ಎಲ್ಲರಿಗೂ ಇಷ್ಟು ಆಗಲ್ಲ, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುವುದೂ ಉಂಟು. ಬೆಳಿಗ್ಗೆಯೇ ಬೇಕು ಅನಿಸುವ ನಿಮಗೆ ಈ ಅಪಾಯ ಇದ್ದೇ ಇದೆ.

ಆಸ್ಪತ್ರೆಯಲ್ಲಿ ದೊಡ್ಡ ಮಾಯಾಜಾಲವೇನೂ ಇಲ್ಲ. ಮೆದುಳನ್ನು ಶಾಂತ ಮಾಡುವ ಲೋರಾಜೆಪಾಮ್ ಥರದ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್. ದಿನಾ ಕುಡಿಯುವವರ ಮೈಯಲ್ಲಿ ಅದು ಹೆಚ್ಚಾಗಿ ಕಡಿಮೆಯಾಗಿರುತ್ತೆ. ಅದಿಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಹಾಗಾಗಿ ಕ್ಲಿನಿಕ್‌ಗೆ ಹೋಗಿ ಸುಮ್ನೆ ಒಂದು ಬಾಟಲ್ ಏರಿಸಿಕೊಂಡು ಬರಬೇಡಿ, ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಇನ್ನೊಂದು, ಸಾರಿನಲ್ಲಿ ಗೊತ್ತಾಗದ ಹಾಗೆ ಹಾಕುವ ಪುಡಿ, ಮಾತ್ರೆ ಮನೆಯವರು ತಂದರೆ ಬೇಡ ಅನ್ನಿ. ಅದು ಡೈಸಲ್ಫಿರಾಮ್, ಅಂದರೆ ಕುಡಿದರೆ ಮೈಗೆ ಒಗ್ಗದ ಹಾಗೆ ಮಾಡುವ ಔಷಧಿ ಆಗಿದ್ದರೆ, ಅದರ ಮೇಲೆ ಕುಡಿದಾಗ ಬಿಪಿ ಬಿದ್ದು ಹೋಗಬಹುದು.

ನನಗೆ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಬಂತು. ಬಿಟ್ಟ ಕೆಲವು ತಿಂಗಳಿಗೆ ಸರಿಹೋಯಿತು. ಸಿರೋಸಿಸ್‌ವರೆಗೆ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವವರೆಗೆ ಹೋಗಿದ್ದರೆ ಮೊದಲಿನ ಹಾಗೆ ಆಗುತ್ತಿರಲಿಲ್ಲ. ನಮ್ಮಜ್ಜಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಕುಡಿಸಿ "ವರ್ಷದ್ದೆಲ್ಲ ತೊಳೆದು ಹೋಯಿತು" ಅನ್ನುತ್ತಿದ್ದರು. ಮೂತ್ರ ಕೆಂಪಾಗುತ್ತೆ ನಿಜ, ಲಿವರ್ ತೊಳೆಯಲ್ಲ. ಮನೆ ವೈನ್ ಹಣ್ಣಿಂದು ಅಲ್ವಾ ಅನ್ನುವವರಿಗೂ ಇದೇ ಉತ್ತರ, ಅದರೊಳಗೆ ಇರುವುದೂ ಅದೇ ಆಲ್ಕೋಹಾಲ್. ಚಳಿಗೆ ಬೇಕು ಅನ್ನುವುದೂ ಸುಳ್ಳು. ಚರ್ಮ ಬಿಸಿ ಅನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತೆ.

ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಹೋಗುವವರೆಗೆ ತಟ್ಟಂತ ನಿಲ್ಲಿಸಬೇಡಿ. ಮೊದಲು ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳಿ. ಉಪ್ಪಿನ ಡಬ್ಬ ಹಿಡಿದಾಗ ಟಾರ್ಚ್ ಬಿಡುವವರು ಬೇಕು.

ಆಮೇಲಿನ ಕಷ್ಟ ಬೇರೆ. ಕೈಲು ಮುಹೂರ್ತ, ಹುತ್ತರಿ, ಮದುವೆ, ಎಲ್ಲ ಕಡೆ ಗ್ಲಾಸ್ ಬರುತ್ತೆ. "ಮಾತ್ರೆಯಲ್ಲಿದ್ದೇನೆ" ಅಂದರೆ ಯಾರೂ ಜಾಸ್ತಿ ಒತ್ತಾಯ ಮಾಡಲ್ಲ. ಹಿರಿಯರಿಗೆ ಎಡೆ ಇಡುವಾಗ ನಮ್ಮಲ್ಲಿ ಈಗಲೂ ಒಂದು ಗ್ಲಾಸ್ ಇಡುತ್ತಾರೆ. ಅದನ್ನು ತಪ್ಪಿಸಿಲ್ಲ. ಸುರಿಯುವ ಕೆಲಸ ತಮ್ಮನಿಗೆ ಬಿಟ್ಟು, ನಾನು ಬಾಳೆ ಎಲೆ ಹಾಕುತ್ತೇನೆ.