ಬೂದು ನೆಬ್ಯುಲಾ ಮತ್ತು ಮೇಷ್ಟ್ರ ಸಿಟ್ಟು

ಪ್ರಿಯ ಮೇಷ್ಟ್ರೇ,

ನಿಮ್ಮ ಕಾಗದ ಬಂತು. ನಾಲ್ಕು ಹಾಳೆ, ಎರಡೂ ಮಗ್ಗುಲು. ಬೇರೆ ಓದುಗರಿಗಾಗಿ ಸಾರ ಹೇಳಿಬಿಡುತ್ತೇನೆ. ನೀವು ತಿಪಟೂರಿನ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಜನವರಿ ಸಂಚಿಕೆಯ ಮುಖಪುಟದಲ್ಲಿ ಒರಾಯನ್ ನೆಬ್ಯುಲಾ ಎಂಬ ಅನಿಲ-ಧೂಳಿನ ಮೋಡ ನೋಡಿ, ಕೂಡಿಟ್ಟ ದುಡ್ಡಿನಲ್ಲಿ ಆರಿಂಚಿನ ಡಾಬ್ಸೋನಿಯನ್, ಅಂದರೆ ಕೈಯಲ್ಲೇ ತಿರುಗಿಸುವ ಸರಳ ಸ್ಟ್ಯಾಂಡಿನ ಟೆಲಿಸ್ಕೋಪ್, ತರಿಸಿದಿರಿ. ತಾರಸಿ ಮೇಲಿಟ್ಟು ನೋಡಿದರೆ ಕಂಡದ್ದು 'ಸ್ಲೇಟಿನ ಮೇಲೆ ಸೀಮೆಸುಣ್ಣ ಒರೆಸಿದ ಹಾಗೆ' ಒಂದು ಬೂದು ಮಸುಕು. ಕೆಂಪೂ ಇಲ್ಲ, ನೇರಳೆಯೂ ಇಲ್ಲ. ಮುಖಪುಟದ ಬಣ್ಣ ಕಂಪ್ಯೂಟರಿನಲ್ಲಿ ಬಳಿದದ್ದಾ? ಮಗ ಹೇಳುವ ಹಾಗೆ ಇದನ್ನು ಮಾರಿ ದೊಡ್ಡದು ಕೊಳ್ಳಬೇಕಾ? ಈ ವಯಸ್ಸಿನಲ್ಲಿ ತಾರಸಿ ಮೇಲೆ ಕೂತು ಮಾಡಿದ್ದು ಯಾರಿಗಾದರೂ ಉಪಯೋಗಕ್ಕೆ ಬರುತ್ತದಾ, ಇಲ್ಲ ಸುಮ್ನೆ ಸೊಳ್ಳೆಗಳಿಗೆ ರಕ್ತದಾನವಾ?

ಮೊದಲ ಪ್ರಶ್ನೆಯಲ್ಲಿ ತಪ್ಪು ನಮ್ಮದೂ ಇದೆ. ಎಷ್ಟು ಗಂಟೆ ತೆಗೆದ ಚಿತ್ರ, ಯಾವ ಫಿಲ್ಟರ್ ಹಾಕಿದ್ದರು ಎಂದು ಅಡಿಯಲ್ಲಿ ಒಂದು ಸಾಲು ಹಾಕಬೇಕಿತ್ತು. ಹಾಕಲಿಲ್ಲ. ಇನ್ನು ಮುಂದೆ ಹಾಕುತ್ತೇವೆ.

ಆದರೆ ಬಣ್ಣ ಸುಳ್ಳಲ್ಲ. ಬೆಳದಿಂಗಳಲ್ಲಿ ನಿಮ್ಮ ಹಿತ್ತಲಿನ ಕೆಂಪು ದಾಸವಾಳ ನೋಡಿ. ಕಪ್ಪಾಗಿ ಕಾಣುತ್ತದೆ. ಹೂವಿನ ಬಣ್ಣ ಎಲ್ಲೂ ಹೋಗಿಲ್ಲ ಅಲ್ವಾ? ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಹತ್ತುವುದಿಲ್ಲ, ಅದರಲ್ಲೂ ಕೆಂಪಿಗೆ ಅದು ಹೆಚ್ಚುಕಡಿಮೆ ಕುರುಡು. ನೆಬ್ಯುಲಾದ ಹೈಡ್ರೋಜನ್ ಹೆಚ್ಚಾಗಿ ಹೊಳೆಯುವುದು 656 ನ್ಯಾನೋಮೀಟರಿನ ಕೆಂಪಿನಲ್ಲಿ. ಕಣ್ಣು ಬಂದ ಬೆಳಕನ್ನು ಕ್ಷಣದಲ್ಲಿ ಖರ್ಚು ಮಾಡುತ್ತದೆ. ಕ್ಯಾಮೆರಾ ಹುಂಡಿಯ ಹಾಗೆ ಕೂಡಿಡುತ್ತದೆ. ಒಂದೇ ಜಾಗದ ನೂರು ಫೋಟೋ ತೆಗೆದು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ, ಕಾಳುಕಾಳಾಗಿ ಕಾಣುವ ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವರ್ಗಮೂಲದ ಲೆಕ್ಕ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚಿತ್ರ ಎರಡು ಪಟ್ಟು ಚೆನ್ನಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಕೂರಬೇಕು. ಈ ಹವ್ಯಾಸದಲ್ಲಿ ನಿದ್ದೆಗೆಡುವುದು ಅದಕ್ಕೇ.

ಇನ್ನೊಂದು ಬಗೆಯ ಚಿತ್ರ ಇದೆ. ಗಂಧಕ, ಹೈಡ್ರೋಜನ್, ಆಮ್ಲಜನಕ ಮೂರಕ್ಕೂ ಬೇರೆ ಬೇರೆ ಫಿಲ್ಟರ್ ಹಾಕಿ ತೆಗೆಯುತ್ತಾರೆ. ಗಂಧಕವೂ ಕೆಂಪು, ಹೈಡ್ರೋಜನ್ನೂ ಕೆಂಪು. ಎರಡೂ ಕಲಸಿಹೋಗದಿರಲಿ ಎಂದು ಹೈಡ್ರೋಜನ್‌ಗೆ ಹಸಿರು ಕೊಡುತ್ತಾರೆ. ನೀವು ಕ್ಲಾಸಿನಲ್ಲಿ ತೂಗುಹಾಕುತ್ತಿದ್ದ ಭೂಪಟದಲ್ಲಿ ಜಿಲ್ಲೆಗಳಿಗೆ ಬಣ್ಣ ಇರುತ್ತಿತ್ತಲ್ಲ, ಹಾಗೆ. ತುಮಕೂರು ಜಿಲ್ಲೆ ಹಳದಿ ಅಲ್ಲ, ಆದರೆ ಗಡಿ ನಿಜ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಕ್ಯಾಮೆರಾಗೆ ಬೀಳದೇ ಇದ್ದ ಎಳೆಗಳನ್ನು ಸಾಫ್ಟ್‌ವೇರ್ ತಾನೇ ಊಹಿಸಿ ಕೂರಿಸಿದರೆ, ಅದು ಫೋಟೋ ಅಲ್ಲ, ರಂಗೋಲಿ.

ಈಗ ಮಾರುವ ಮಾತು. ಬೇಡ. ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೋ 1888ರಲ್ಲೇ ತೆಗೆದಿದ್ದರು. ಆಮೇಲೆ ಲೆಕ್ಕವಿಲ್ಲದಷ್ಟು ಜನ ತೆಗೆದಿದ್ದಾರೆ. ಅಷ್ಟಾದರೂ 2022ರಲ್ಲಿ ಯಾನ್ ಸೇಂಟಿ ಎಂಬ ಫ್ರಾನ್ಸಿನ ಹವ್ಯಾಸಿ ತೆಗೆದ ಚಿತ್ರಗಳಲ್ಲಿ, ಗ್ಯಾಲಕ್ಸಿಯ ಪಕ್ಕದಲ್ಲೇ ಆಮ್ಲಜನಕದ ದೊಡ್ಡ ಕಮಾನು ಕಂಡಿತು. ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ. ಮಾರ್ಸೆಲ್ ಡ್ರೆಕ್ಸ್ಲರ್, ಜೇವಿಯರ್ ಸ್ಟ್ರಾಟ್ನರ್ ಎಂಬ ಇನ್ನಿಬ್ಬರು ಹವ್ಯಾಸಿಗಳೂ ಜೊತೆಗಿದ್ದರು. 2023ರಲ್ಲಿ ವಿಜ್ಞಾನಿಗಳ ಜೊತೆ ಸೇರಿ ಪ್ರಕಟಿಸಿದರು. ಆ ಕಮಾನು ಆಂಡ್ರೊಮಿಡಾ ಹತ್ತಿರ ಇದೆಯೋ, ನಮ್ಮ ಕ್ಷೀರಪಥದಲ್ಲೇ ಇದೆಯೋ ಎಂಬ ವಾದ ಆಮೇಲೆ ಶುರುವಾಯಿತು. ಅದಿರಲಿ. ಸೇಂಟಿಯವರ ಟೆಲಿಸ್ಕೋಪಿನ ಬಾಯಿ 106 ಮಿಲಿಮೀಟರ್. ನಿಮ್ಮದು 150. ದೊಡ್ಡ ಟೆಲಿಸ್ಕೋಪುಗಳು ಒಮ್ಮೆಗೆ ನೋಡುವುದು ಆಕಾಶದ ಚೂರೇ ಚೂರು. ಅಷ್ಟಗಲದ ಜಾಗಕ್ಕೆ ಆಮ್ಲಜನಕದ ಫಿಲ್ಟರ್ ಹಾಕಿ ಹತ್ತಾರು ಗಂಟೆ ಕೂರುವ ವ್ಯವಧಾನ ಯಾರಿಗೂ ಇರಲಿಲ್ಲ. ಇವರಿಗಿತ್ತು.

ಮಗನಿಗೆ ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ, ಮುಂದೆ ಯಾವಾಗಲಾದರೂ ಮೋಟಾರ್ ಇರುವ ಸ್ಟ್ಯಾಂಡ್ ತರಲಿ. ಗುರು ಗ್ರಹ ಟೆಲಿಸ್ಕೋಪಿನಲ್ಲಿ ಎಷ್ಟು ಅಗಲ ಕಾಣುತ್ತದೋ, ಆಕಾಶ ಮೂರೇ ಸೆಕೆಂಡಿನಲ್ಲಿ ಅಷ್ಟು ಜಾರುತ್ತದೆ. ಡಾಬ್ಸೋನಿಯನ್ ಅದರ ಹಿಂದೆ ಓಡುವುದಿಲ್ಲ. ಕೊಳವೆ ಎಷ್ಟೇ ದೊಡ್ಡದಿರಲಿ, ಸ್ಟ್ಯಾಂಡ್ ಅಲುಗಿದರೆ ನಕ್ಷತ್ರಗಳೆಲ್ಲ ಜೀರಿಗೆ ಕಾಳಾಗುತ್ತವೆ.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಅರ್ಜೆಂಟೀನಾದ ರೊಸಾರಿಯೊದಲ್ಲಿ ವಿಕ್ಟರ್ ಬೂಸೊ ಎಂಬುವರಿದ್ದಾರೆ. ಬೀಗದ ಕೆಲಸದವರು. 2016ರ ಸೆಪ್ಟೆಂಬರ್ 20ರ ರಾತ್ರಿ ಹೊಸ ಕ್ಯಾಮೆರಾ ಪರೀಕ್ಷೆ ಮಾಡೋಣ ಎಂದು ಮನೆಯ ಮಾಳಿಗೆಯಿಂದ ಎನ್‌ಜಿಸಿ 613 ಎಂಬ ಗ್ಯಾಲಕ್ಸಿಗೆ ಟೆಲಿಸ್ಕೋಪ್ ತಿರುಗಿಸಿದರು. ಸುಮಾರು ಒಂದೂವರೆ ಗಂಟೆ ಚಿಕ್ಕ ಚಿಕ್ಕ ಫೋಟೋ ತೆಗೆದರು. ಮೊದಮೊದಲ ಫೋಟೋಗಳಲ್ಲಿ ಇಲ್ಲದ ಚುಕ್ಕಿ ಆಮೇಲಿನವುಗಳಲ್ಲಿ ಇತ್ತು. ಬೆಳಗುತ್ತಾ ಹೋಗುತ್ತಿತ್ತು. ನಕ್ಷತ್ರವೊಂದು ಸಿಡಿದು, ಅದರ ಮೊದಲ ಬೆಳಕು ಹೊರಬೀಳುವ ಗಳಿಗೆ ಅದು. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅದೃಷ್ಟ ಅನ್ನಬಹುದು. ಆದರೆ ಪ್ರತಿ ಫೋಟೋಗೂ ಸಮಯ ದಾಖಲಾಗಿತ್ತು. ಇಲ್ಲದಿದ್ದರೆ ಅದೃಷ್ಟ ತಗೊಂಡು ಏನು ಮಾಡೋದು?

ಹತ್ತಿರದ ಉದಾಹರಣೆ ಬೇಕಾದರೆ ರಾಧಾಗೋವಿಂದ ಚಂದ್ರ ಇದ್ದರು. ಆಗಿನ ಬಂಗಾಳದ ಜೆಸ್ಸೋರ್‌ನ ಖಜಾನೆಯಲ್ಲಿ ನೌಕರಿ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಜೀವಮಾನವಿಡೀ ನೋಡಿ, 37 ಸಾವಿರಕ್ಕೂ ಜಾಸ್ತಿ ದಾಖಲೆ ಮಾಡಿದರು. ಇಂಥ ನಕ್ಷತ್ರಗಳ ಲೆಕ್ಕ ಇಡಲೆಂದೇ 1911ರಲ್ಲಿ ಹುಟ್ಟಿದ ಅಮೆರಿಕದ ಎಎವಿಎಸ್‌ಒ ಸಂಘ ಮೆಚ್ಚಿ ಅವರಿಗೆ ಟೆಲಿಸ್ಕೋಪ್ ಕಳಿಸಿತು. ಅದೂ ಆರಿಂಚಿನದೇ! ಆಮೇಲೆ ಅದು ಖಗೋಳ ವಿಜ್ಞಾನಿ ವೇಣು ಬಾಪು ಅವರ ಕೈಗೆ ಬಂದು ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಸೇರಿತು.

ಆ ಸಂಘ ಈಗಲೂ ಇದೆ, ನಿಮ್ಮ ಲೆಕ್ಕವನ್ನೂ ತಗೊಳ್ಳುತ್ತದೆ. ಆಲ್ಗೋಲ್‌ನಿಂದ ಶುರು ಮಾಡಿ. ಟೆಲಿಸ್ಕೋಪೂ ಬೇಡ, ಮಗನ ಕ್ಯಾಮೆರಾ ಸಾಕು. ಅದು ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕು ನಕ್ಷತ್ರ ಹೊಳೆಯುವ ನಕ್ಷತ್ರಕ್ಕೆ ಅಡ್ಡ ಬರುತ್ತದೆ. ನಕ್ಷತ್ರದ ಬೆಳಕನ್ನು ಅಳೆಯುವ ಕಾಂತಿಮಾನದಲ್ಲಿ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು; ಆ ಲೆಕ್ಕದಲ್ಲಿ ಬೆಳಕು 2.1ರಿಂದ 3.4ಕ್ಕೆ ಇಳಿಯುತ್ತದೆ. ಲಾಗ್ ಟೇಬಲ್ ತೆಗೆದು ನೋಡಿ, ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. 50 ಎಂಎಂ ಲೆನ್ಸ್ ಹಾಕಿ, ಟ್ರೈಪಾಡ್ ಮೇಲಿಟ್ಟು, ಐದೈದು ಸೆಕೆಂಡಿನ ಹತ್ತು ಫೋಟೋ. ಜೆಪಿಇಜಿ ಬೇಡ, ಕ್ಯಾಮೆರಾ ಏನೂ ತಿದ್ದದೆ ಹಾಗೇ ಉಳಿಸುವ ರಾ ಫೈಲ್ ಇರಲಿ. ಒಂದು ತಮಾಷೆ ಎಂದರೆ ಫೋಕಸ್ ಬೇಕೆಂದೇ ಚೂರು ಕೆಡಿಸಬೇಕು. ಚುಕ್ಕಿ ಹರಡಿ ಪುಟ್ಟ ಬಿಲ್ಲೆಯಾದರೆ ಅಳತೆ ನಂಬುವ ಹಾಗಿರುತ್ತದೆ. ಪಕ್ಕದಲ್ಲಿ ಬೆಳಕು ಬದಲಾಗದ ನಕ್ಷತ್ರ ಹಿಡಿದು, ಫೋಟೋದ ಕೆಂಪು, ಹಸಿರು, ನೀಲಿ ಪಾಲುಗಳಲ್ಲಿ ಹಸಿರಿನ ಅಂಕಿಗಳನ್ನು ಹೋಲಿಸಿ. ಮುಖಪುಟಕ್ಕೆ ಬರುವ ಚಿತ್ರ ಅಲ್ಲ, ನೋಡಿದರೆ ಕ್ಯಾಮೆರಾ ಕೆಟ್ಟಿದೆ ಅನ್ನುತ್ತಾರೆ. ಆ ಜೋಡಿಯಲ್ಲಿ ಒಂದು ನಕ್ಷತ್ರದ ದ್ರವ್ಯ ಇನ್ನೊಂದಕ್ಕೆ ಹರಿದಂತೆಲ್ಲ ಗ್ರಹಣದ ಹೊತ್ತು ಆಚೀಚೆ ಆಗುತ್ತಿರುತ್ತದೆ. ಅದನ್ನು ಹಿಡಿಯಲು ವರ್ಷಗಟ್ಟಲೆ, ಊರೂರಿನ ಜನ ಬರೆದಿಟ್ಟ ಹೊತ್ತು ಬೇಕು.

ಹೊತ್ತು ಅಂದೆ. ನಾನು ಮೊದಲ ಸಲ ಆಲ್ಗೋಲ್ ಅಳೆದು, ಆಮೇಲೆ ಗ್ರಹಣದ ಹೊತ್ತಿನ ಪಟ್ಟಿ ತೆಗೆದು ನೋಡಿದರೆ ಗ್ರಹಣ ಐದೂವರೆ ಗಂಟೆ ತಡ! ಎರಡು ದಿನ ಮನೆಯಲ್ಲಿ ನಾನೇ ವಿಜ್ಞಾನಿ. ಮೂರನೇ ದಿನ ಹೊಳೆಯಿತು. ಪಟ್ಟಿಯಲ್ಲಿದ್ದದ್ದು ಗ್ರೀನ್‌ವಿಚ್ ಸಮಯ, ನಾನು ಬರೆದದ್ದು ಅಡುಗೆಮನೆ ಗಡಿಯಾರದ್ದು. ನೀವು ಮೊದಲೇ ಐದೂವರೆ ಗಂಟೆ ಕಳೆದುಬಿಡಿ. ಬೆಳಗಿನ ಜಾವ ಆದರೆ ತಾರೀಕೂ ಒಂದು ಹಿಂದೆ ಹೋಗುತ್ತದೆ.

ಮಾರ್ಚ್ ಮುಗಿಯುವವರೆಗೂ ಸಂಜೆ ವಾಯವ್ಯದಲ್ಲಿ ಆಲ್ಗೋಲ್ ಸಿಗುತ್ತದೆ. ಆಮೇಲೆ ಮುಂಗಾರು ಕಳೆದು ಮೋಡ ಸರಿಯುವವರೆಗೆ ಕಾಯಬೇಕು.

ಕಾಗದದ ಕೊನೆಗೆ, ಧ್ರುವ ನಕ್ಷತ್ರ ಪಕ್ಕದ ಮನೆಯ ತೆಂಗಿನ ಮರದ ಹಿಂದೆ ಅಡಗಿದೆ, ಮುಂದೆ ಮೋಟಾರ್ ಸ್ಟ್ಯಾಂಡ್ ತಂದರೆ ಅದರ ಅಕ್ಷವನ್ನು ಧ್ರುವದ ಕಡೆ ಹೊಂದಿಸುವುದು ಹೇಗೆ, ಆ ಮನೆಯವರನ್ನು ಕೇಳಿ ಮರ ಕಡಿಸಲಾ ಎಂದಿದ್ದೀರಿ. ದಯವಿಟ್ಟು ಬೇಡ. ನಿಮ್ಮೂರಿನಲ್ಲಿ ಧ್ರುವ ಇರುವುದೇ 13 ಡಿಗ್ರಿ ಎತ್ತರದಲ್ಲಿ, ಒಂದು ಮರ ಹೋದರೆ ಹಿಂದೆ ಇನ್ನೊಂದು ಇರುತ್ತದೆ. ನೆತ್ತಿಯಿಂದ ದಕ್ಷಿಣಕ್ಕಿರುವ ಒಂದು ನಕ್ಷತ್ರ, ಪೂರ್ವದಲ್ಲಿ ಕೆಳಗಿರುವ ಒಂದು ನಕ್ಷತ್ರ, ಎರಡನ್ನೂ ಐದೈದು ನಿಮಿಷ ನೋಡಿ. ಯಾವ ಕಡೆ ಜಾರುತ್ತವೆ ಎಂಬುದರ ಮೇಲೆ ಸ್ಟ್ಯಾಂಡನ್ನು ಚೂರುಚೂರೇ ಸರಿಸುತ್ತಾ ಹೋದರೆ ಹೊಂದಿಕೊಳ್ಳುತ್ತದೆ. ಧ್ರುವ ಕಾಣಲೇಬೇಕೆಂದಿಲ್ಲ. ಎಳನೀರಿಗೂ ತೊಂದರೆಯಿಲ್ಲ.

ನಿಮ್ಮ,
ಸಂಪಾದಕ