ಟೀಮಿನ ಥಾಯ್ ಹುಡುಗ ಭಿಕ್ಷು ಆಗಲು 3 ತಿಂಗಳು ರಜೆ ಕೇಳಿದ್ದಾನೆ, ಬೇಜಾರಾಗದ ಹಾಗೆ ಮುಂದಕ್ಕೆ ಹಾಕುವುದು ಹೇಗೆ? ಹೋದರೆ ಅವನ ಕೆಲಸ ಯಾರು ಮಾಡುವುದು?

ನಾನು 2019ರಲ್ಲಿ ಬ್ಯಾಂಕಾಕ್‌ನಲ್ಲಿ ಇದನ್ನೇ ಮಾಡಿದೆ. ಬೇಜಾರಾಗದ ಹಾಗೆಯೇ ಮುಂದಕ್ಕೆ ಹಾಕಿದೆ. ಹುಡುಗ ನಗುತ್ತಲೇ ಎದ್ದು ಹೋದ. ಅದಕ್ಕೇ ಬರೆಯುತ್ತಿದ್ದೇನೆ.

ಅವನು ಈಸಾನ್ ಕಡೆಯವನು, ಅಂದರೆ ಥಾಯ್ಲೆಂಡಿನ ಈಶಾನ್ಯ, ಖೋನ್ ಕೇನ್ ಊರಿನ ಹತ್ತಿರದ ಹಳ್ಳಿ. ಅಪ್ಪ ಅಮ್ಮ ಬ್ಯಾಂಕಾಕ್‌ನಲ್ಲಿ ದುಡಿಯುತ್ತಿದ್ದರು, ಸಾಕಿದ್ದು ಅಜ್ಜಿ. ಆ ಕಡೆ ಇದು ಮನೆಮನೆಯ ಕತೆ. ಮೇ ತಿಂಗಳಲ್ಲಿ ಮೇಲ್ ಕಳಿಸಿದ: ಜುಲೈ ಎರಡನೇ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ರಜೆ ಬೇಕು, ಸಂಬಳ ಬೇಡ, ಭಿಕ್ಷು ಆಗಬೇಕು. ನನಗೂ ನಿಮ್ಮ ಹಾಗೇ ಗಾಬರಿ ಆಯಿತು. ಇಪ್ಪತ್ತಾರು ವರ್ಷದ ಹುಡುಗನಿಗೆ ಸನ್ಯಾಸವಾ? ಕೆಲಸ ಬಿಡೋಕೆ ಇದೊಂದು ನೆಪವಾ?

ಇಲ್ಲಿ ನಮ್ಮ ಲೆಕ್ಕ ನಡೆಯುವುದಿಲ್ಲ. ನಮ್ಮಲ್ಲಿ ಕಾವಿ ಉಟ್ಟವನು ವಾಪಸ್ ಪ್ಯಾಂಟ್ ಹಾಕಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಅಲ್ಲಿ ಹೋಗುವುದೇ ವಾಪಸ್ ಬರುವುದಕ್ಕೆ. ರಾಜ ಭೂಮಿಬೋಲ್ ಕೂಡ 1956ರಲ್ಲಿ 15 ದಿನ ಭಿಕ್ಷುವಾಗಿದ್ದು ಮತ್ತೆ ಅರಮನೆಗೆ ಬಂದವರು. ಒಮ್ಮೆಯೂ ಭಿಕ್ಷು ಆಗದ ಗಂಡಸನ್ನು ಅಲ್ಲಿ 'ಹಸಿ' ಅನ್ನುತ್ತಾರೆ, ಆಗಿ ಬಂದವನನ್ನು 'ಬೆಂದವನು'. ಬೆಂದು ಬಂದವನಿಗೆ ಹಳ್ಳಿಯಲ್ಲಿ ಹೆಸರಿಗೆ ಮೊದಲು 'ಥಿತ್' ಅಂತ ಸೇರಿಸುತ್ತಾರೆ. ನಮ್ಮ 'ಪಂಡಿತ'ವೇ ಅಲ್ಲಿ ಸವೆದು ಹೀಗಾಗಿದೆ. ಸರ್ಕಾರಿ ನೌಕರರಿಗೆ ಇದಕ್ಕೆ ಅಂತಲೇ 120 ದಿನದವರೆಗೆ ಸಂಬಳದ ರಜೆ ಇದೆ. ಖಾಸಗಿಯಲ್ಲಿ ಕಂಪನಿಗೊಂದು ನಿಯಮ. ನಮ್ಮ ಕಂಪನಿಯ ನಿಯಮದ ಪುಸ್ತಕದಲ್ಲೂ ಇದಕ್ಕೊಂದು ಸಾಲು ಇತ್ತು, ನಾನು ಓದಿರಲಿಲ್ಲ.

ಈಗ ನನ್ನ ತಪ್ಪು. ಮೇಲ್ ಬಂದಾಗ ಅವನನ್ನು ಕರೆದು 'ನೋಡೋಣ' ಅಂದೆ. ಇಂಗ್ಲಿಷ್‌ನಲ್ಲೇ ಅಂದೆ, ಆದರೆ ಒಳಗಿದ್ದದ್ದು ಶುದ್ಧ ಕನ್ನಡದ 'ನೋಡೋಣ'. ನಿಮಗೆ ಗೊತ್ತಲ್ಲ, ಮದುವೆಗೆ ಕರೆಯಲು ಬಂದವರಿಗೆ 'ನೋಡೋಣ' ಅಂದರೆ ಬರಲ್ಲ ಅಂತ. ಅವನು 'ಖ್ರಪ್' ಅಂದ. ಗಂಡಸರು ಮಾತಿನ ಕೊನೆಗೆ ಸೇರಿಸುವ ಮರ್ಯಾದೆಯ ಪದ ಅದು. ಒಂದೇ ಹೇಳಿದರೆ 'ಹೂಂ ಸಾರ್, ಕೇಳಿಸಿತು' ಅಂತಲೂ ಆಗಬಹುದು, ಒಪ್ಪಿದೆ ಅಂತಲೂ ಆಗಬಹುದು. ನಾನು, ಹುಡುಗನಿಗೆ ಅರ್ಥವಾಯಿತು, ಸುಮ್ಮನಾದ ಅಂದುಕೊಂಡೆ. ಅವನು, ಸಾಹೇಬರು ಬೇಡ ಅನ್ನಲಿಲ್ಲ ಅಂದುಕೊಂಡ. ಇಬ್ಬರೂ ಮರ್ಯಾದಸ್ಥರೇ. ಆ ಮರ್ಯಾದೆಯಲ್ಲೇ ಐದು ವಾರ ಕಳೆದುಹೋಯಿತು, ಅಷ್ಟರಲ್ಲಿ ಅವನ ಮನೆಯಲ್ಲಿ ದಿನ ನಿಗದಿಯಾಗಿ ನೆಂಟರಿಗೆಲ್ಲ ಹೇಳಿ ಆಗಿತ್ತು.

ಜೂನ್ ಕೊನೆಯಲ್ಲಿ ಒಂದು ದಿನ ನನ್ನ ಟೇಬಲ್ ಹತ್ತಿರ ಬಂದ. ಕೈಯಲ್ಲಿ ಚಿಕ್ಕ ತಟ್ಟೆ, ಅದರಲ್ಲಿ ಹೂವು, ಊದುಬತ್ತಿ, ಮೇಣದ ಬತ್ತಿ. ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಏನೋ ಅವರ ಹಬ್ಬದ ಪ್ರಸಾದ ಇರಬೇಕು ಅಂತ ಥ್ಯಾಂಕ್ಸ್ ಹೇಳಿ ತೆಗೆದುಕೊಂಡು, ಲ್ಯಾಪ್‌ಟಾಪ್ ಪಕ್ಕದಲ್ಲಿ ಜಾಗ ಸಾಲದೆ ಪ್ರಿಂಟರ್ ಮೇಲೆ ಇಟ್ಟೆ. ಆಮೇಲೆ ಅವನನ್ನು ಕೂರಿಸಿ, ನಮ್ಮ ಪ್ರಾಜೆಕ್ಟ್‌ನ ರಿಲೀಸ್ ಆಗಸ್ಟ್ ಕೊನೆಗಿದೆ, ಸೆಪ್ಟೆಂಬರ್‌ನಿಂದ ಬೇಕಾದರೆ 3 ತಿಂಗಳು ತಗೋ ಅಂದೆ. ಉದಾರವಾಗಿ ಮಾತಾಡಿದೆ ಅಂತ ಹೆಮ್ಮೆ ಬೇರೆ.

ಆ ತಟ್ಟೆ ಪ್ರಸಾದ ಅಲ್ಲ. ಭಿಕ್ಷು ಆಗುವವನು ಅದಕ್ಕೂ ಮುಂಚೆ ಹಿರಿಯರ ಬಳಿ, ಸಾಹೇಬರ ಬಳಿ ಅದನ್ನು ಹಿಡಿದು ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ ಅಂತ ಕೇಳಿಕೊಳ್ಳುತ್ತಾನೆ. ನಾವು ತಟ್ಟೆ ಮುಟ್ಟಿ, ಕ್ಷಮಿಸಿದ್ದೇನೆ, ಒಳ್ಳೆಯದಾಗಲಿ ಅನ್ನಬೇಕು. ನಾನು ಪ್ರಿಂಟರ್ ಮೇಲಿಟ್ಟು ತಾರೀಖಿನ ಚೌಕಾಸಿ ಮಾಡಿದೆ.

ಇನ್ನು ಸೆಪ್ಟೆಂಬರ್ ವಿಷಯ. ಅವನು ಕೇಳಿದ್ದು ಫನ್ಸಾ, ನಮ್ಮ 'ವರ್ಷಾ' ಪದವೇ, ಮಳೆಗಾಲ. ನಮ್ಮ ಸ್ವಾಮಿಗಳ ಚಾತುರ್ಮಾಸ್ಯ ನೋಡಿದ್ದೀರಲ್ಲ, ಹಾಗೇ. ಮಳೆಗಾಲದಲ್ಲಿ ಓಡಾಡಿದರೆ ಎಳೆ ಪೈರು ಕಾಲಡಿ ಸಿಕ್ಕುತ್ತದೆ ಅಂತ ಭಿಕ್ಷುಗಳು 3 ತಿಂಗಳು ಒಂದೇ ವಾಟ್‌ನಲ್ಲಿ, ಅಂದರೆ ವಿಹಾರದಲ್ಲಿ, ಇರಬೇಕು. ಆ ವರ್ಷ ಜುಲೈ 17ಕ್ಕೆ ಶುರು, ಗುರುಪೂರ್ಣಿಮೆಯ ಮರುದಿನ. ಅಕ್ಟೋಬರ್ 13ಕ್ಕೆ ಮುಗಿಯುತ್ತಿತ್ತು. ಇಡೀ ಫನ್ಸಾ ಇರುವವನು ಅದಕ್ಕೆ ಮುಂಚೆ ದೀಕ್ಷೆ ತೆಗೆದುಕೊಳ್ಳಬೇಕು. ಮಕರಜ್ಯೋತಿಗೆ ಅಂತ ಮಾಲೆ ಹಾಕಲು ಹೊರಟವನಿಗೆ ಮಾರ್ಚ್‌ನಲ್ಲಿ ಹೋಗಪ್ಪಾ ಅಂದ ಹಾಗಾಯಿತು ನನ್ನ ಮಾತು. ಅವನು 'ಖ್ರಪ್' ಅಂದು ನಕ್ಕು ಎದ್ದ.

ರಿಲೀಸ್ ಆಗಸ್ಟ್‌ನಲ್ಲಿ ಆಗಲಿಲ್ಲ. ಸೆಪ್ಟೆಂಬರ್‌ನಲ್ಲೂ ಇಲ್ಲ. ಆ ತಿಂಗಳ ಕೊನೆಯ ವಾರ ಅವನ ಅಜ್ಜಿ ತೀರಿಕೊಂಡರು.

ಟೀಮಿನವರೆಲ್ಲ ವ್ಯಾನ್ ಮಾಡಿಕೊಂಡು ಹೋದೆವು. ದಹನ ಗುರುವಾರವೇ ಇಟ್ಟಿದ್ದರು. ಶುಕ್ರವಾರಕ್ಕೆ ಅವರ ಮಾತಿನಲ್ಲಿ 'ಸುಕ್' ಅನ್ನುತ್ತಾರೆ, ಸುಖ ಅನ್ನುವ ಪದವೂ ಹಾಗೇ ಕೇಳಿಸುತ್ತದೆ, ಹಾಗಾಗಿ ಆ ದಿನ ಹೆಣ ಸುಡುವುದಿಲ್ಲ. ನಾನು ಕಪ್ಪು ಅಂಗಿ ಹಾಕಿಕೊಂಡು, ಬಿಳಿ ಕವರ್‌ನಲ್ಲಿ ದುಡ್ಡು ಇಟ್ಟುಕೊಂಡು ಅವನನ್ನು ಹುಡುಕಿದೆ. ಕಾವಿ ಉಟ್ಟು ನಿಂತಿದ್ದ. ತಲೆ ಬೋಳು, ಹುಬ್ಬೂ ಬೋಳಿಸಿದ್ದರು. ಬೆಂಕಿಯ ಮುಂದಿನ ದೀಕ್ಷೆ ಅಂತ ಒಂದಿದೆ, ಸತ್ತವರಿಗೆ ಪುಣ್ಯ ಸಿಗಲಿ ಅಂತ ಮಗನೋ ಮೊಮ್ಮಗನೋ ಅವತ್ತೊಂದು ದಿನದ ಮಟ್ಟಿಗೆ ಶ್ರಾಮಣೇರ, ಅಂದರೆ ಮರಿ ಭಿಕ್ಷು, ಆಗುವುದು. ಥಾಯ್ ಸಂಘ ಹೆಂಗಸರಿಗೆ ಭಿಕ್ಷುಣಿ ದೀಕ್ಷೆ ಕೊಡುವುದಿಲ್ಲ, ಹಾಗಾಗಿ ಮಗನ ಕಾವಿಯ ಅಂಚು ಹಿಡಿದು ಸ್ವರ್ಗಕ್ಕೆ ಹೋಗಬೇಕು ಅಂತ ತಾಯಂದಿರು ಕಾಯುತ್ತಾರೆ. (ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ.) ಆ ಅಜ್ಜಿ ಮೊಮ್ಮಗನಿಗಾಗಿ ಕಾದಿದ್ದರು. ಹತ್ತು ವಾರ ನೋಡಬಹುದಾಗಿದ್ದ ಕಾವಿಯನ್ನು ಒಂದು ದಿನವೂ ನೋಡಲಿಲ್ಲ.

ನಾನು ಕೈ ಮುಗಿದೆ. ಅವನು ಮುಗಿಯಲಿಲ್ಲ. ನೋಡಿದ, ಅಷ್ಟೇ. ಮೈಯೆಲ್ಲ ತಣ್ಣಗಾಯಿತು. ವಾಪಸ್ ಬರುವಾಗ ವ್ಯಾನಿನಲ್ಲಿ ಒಬ್ಬ ಹುಡುಗಿ ಹೇಳಿದಳು: ಕಾವಿ ಉಟ್ಟವರು ಗೃಹಸ್ಥರಿಗೆ ಕೈ ಮುಗಿಯಲ್ಲ, ಹೆತ್ತ ತಾಯಿಗೂ ಮುಗಿಯಲ್ಲ, ತಾಯಿಯೇ ಅವನಿಗೆ ಅಡ್ಡ ಬೀಳುತ್ತಾಳೆ. ಸ್ವಲ್ಪ ಸಮಾಧಾನ ಆಯಿತು. ಆದರೆ ಉಳಿದಿದ್ದು ಏನು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಹುಬ್ಬಿಲ್ಲದ ಮುಖದಲ್ಲಿ ಕೆಲಸಕ್ಕೆ ಬಂದ, ಎಂದಿನ ಹಾಗೇ ನಕ್ಕ. ರಿಲೀಸ್ ಆಗಿದ್ದು ಅಕ್ಟೋಬರ್ ಕೊನೆಗೆ, ಫನ್ಸಾ ಮುಗಿದ ಮೇಲೆ! ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ. ಕಾರಣ: ಊರಿಗೆ ಹತ್ತಿರ ಇರಬೇಕು.

ಹಾಗಾಗಿ ಬೇಜಾರಾಗದ ಮಾತು ನನ್ನ ಹತ್ತಿರ ಕೇಳಬೇಡಿ, ನಿಮ್ಮ ಪ್ರಶ್ನೆಯೇ ತಪ್ಪು. 15 ದಿನಕ್ಕೆ ಇಳಿಸಿಕೋ ಅಂತ ಚೌಕಾಸಿಯೂ ಬೇಡ. 15 ದಿನಕ್ಕೆ ಆಗುವವರು ತುಂಬ ಜನ ಇದ್ದಾರೆ ನಿಜ, ಆದರೆ ಇವನು ಇಡೀ ಫನ್ಸಾ ಅಂತ ಮನೆಯಲ್ಲಿ ಮಾತು ಕೊಟ್ಟಿರುತ್ತಾನೆ. ಯಾವ ವಾಟ್, ಯಾವ ದಿನ ಅಂತ ಇವತ್ತೇ ಕೇಳಿ. ಸರಿ ಅನ್ನುವುದಿದ್ದರೆ ಸರಿ ಅಂತಲೇ ಬಾಯಿಬಿಟ್ಟು ಹೇಳಿ. ತಟ್ಟೆ ತಂದರೆ ಲ್ಯಾಪ್‌ಟಾಪ್ ಮುಚ್ಚಿ. ದೀಕ್ಷೆಯ ದಿನ ಹೋಗಿ, ಮೆರವಣಿಗೆಯವರ ಜೊತೆ ಮೂರು ಸುತ್ತು ಹಾಕಿ, ಒಳಗೆ ಹೋಗುವ ಮುಂಚೆ ಅವನು ಎರಚುವ ಚಿಲ್ಲರೆಯಲ್ಲಿ ಒಂದು ಕಾಸು ಸಿಕ್ಕರೆ ಪರ್ಸ್‌ನಲ್ಲಿಟ್ಟುಕೊಳ್ಳಿ.

ಅವನ ಕೆಲಸ ಯಾರು ಮಾಡುವುದು ಅಂತಲೂ ಕೇಳಿದ್ದೀರಿ. ನೀವೇ ಮಾಡಿ. ನಾನು ಡಿಸೆಂಬರ್ ಆದ ಮೇಲೆ ನಾಲ್ಕು ತಿಂಗಳು ಅದನ್ನೇ ಮಾಡಿದೆ.